ಮಧ್ಯಮ

ಕಳೆದ ಭಾನುವಾರದಿಂದ ನನ್ನ ಗಂಡ ನನ್ನನ್ನು 'ಮಧ್ಯಮ' ಎಂದು ಕರೆಯುತ್ತಿದ್ದಾರೆ. "ಮಧ್ಯಮಾ, ಒಂದು ಲೋಟ ಕಾಫಿ ಸಿಗ್ತದಾ?" "ಮಧ್ಯಮಾ, ಮಾಡಿನ ಮೇಲೆ ಹೆಂಚು ಸರಿದಿದೆ, ಪಾತ್ರೆ ಇಡು." ಅತ್ತೆಯದು ಇನ್ನೊಂದು ಕಥೆ. ಸ್ವಲ್ಪ ಕೂತ್ಕೊಳ್ಳಿ ಅಂದರೆ ಸಾಕು, "ನಾನು ಕಡಿಮೆ ಅಲ್ವಾ? ಕೂರ್ಲಿಕ್ಕೆ ಆಗ್ತದಾ?" ಎಂದು ಕತ್ತಿ ಹಿಡಿದು ಹೊರಡುತ್ತಾರೆ. ಇಷ್ಟಕ್ಕೆಲ್ಲ ಕಾರಣ ಏಳೇ ಏಳು ಪ್ರಶ್ನೆ.

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಮನೆಗೆ ನೆಂಟರೇ ಬರುವುದಿಲ್ಲ. ರಸ್ತೆಯಿಂದ ಎಂಬತ್ತಾರು ಮೆಟ್ಟಿಲು ಕೆಳಗೆ ಮನೆ, ಅರ್ಧಕ್ಕರ್ಧ ಮೆಟ್ಟಿಲಿಗೆ ಪಾಚಿ. ಅಂಥದ್ದರಲ್ಲಿ ಯಾವುದೋ ಕಾಲೇಜಿನ ಹುಡುಗಿಯೊಬ್ಬಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಟ್ಯಾಬ್ ಎದೆಗೆ ಅವಚಿಕೊಂಡು ಇಳಿದು ಬಂದಳು. ಕಾಲುಚೀಲದ ಮೇಲೆ ಎರಡು ಜಿಗಣೆ. ಅತ್ತೆ ಉಪ್ಪು ಹಾಕಿ ಕೀಳಿಸಿ, ಕಾಫಿ ಕೊಟ್ಟು, ಒಲೆ ಪಕ್ಕ ಕೂರಿಸಿದ ಮೇಲೆ ಗೊತ್ತಾಯಿತು, ಬಂದದ್ದು ನಮ್ಮ ದೈಹಿಕ ಚಟುವಟಿಕೆ ಅಳೆಯಲು ಎಂದು. ಅಳೆಯುವುದು ಅಂದರೆ ಟೇಪು, ತಕ್ಕಡಿ ಏನೂ ಇಲ್ಲ. ನಾವು ಹೇಳಬೇಕು, ಅವಳು ಒತ್ತಬೇಕು.

ಮೊದಲು ನಾನು. "ಕಳೆದ ಏಳು ದಿನಗಳಲ್ಲಿ, ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ನಡೆದದ್ದು ಎಷ್ಟು ದಿನ ಮೇಡಂ?"

ಕಳೆದ ಏಳು ದಿನ ಹೊರಗೆ ಏನಾಗುತ್ತಿತ್ತು ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ನನ್ನ ವಾಕಿಂಗ್ ಶೂ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಿತ್ತು. ಆದರೂ ಬಾಯಿಂದ ಬಂದದ್ದು "ಐದು." ಎಷ್ಟು ಹೊತ್ತು? "ಅರ್ಧ ಗಂಟೆ." ಎದುರಿಗೆ ಯಾರಾದರೂ ಬರೆದುಕೊಳ್ಳುತ್ತಾ ಕೂತರೆ ನನಗೆ ಪಾಸಾಗಲೇಬೇಕೆಂಬ ಹಟ ಬರುತ್ತದೆ. ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆ ಐದು ದಿನ ನಡೆದದ್ದು ನಿಜ, ಮಾರ್ಚ್ ತಿಂಗಳಲ್ಲಿ.

ಗಂಡನ ಸರದಿ. ಮೈ ಬೆವರಿ, ಮಾಮೂಲಿಗಿಂತ ತುಂಬಾ ಜೋರಾಗಿ ಉಸಿರಾಡುವಂಥ ಶ್ರಮ ಏನಾದರೂ? ಇವರು ಖುಷಿಯಿಂದ ಎದ್ದು ಕೂತರು. ಗುರುವಾರ ಸಂಜೆ ಪಂಪ್‌ಸೆಟ್ ಹತ್ತಿರ ಆನೆ. ಅಲ್ಲಿಂದ ಮನೆಯವರೆಗೆ ಏರು ಹತ್ತಿ ಓಡಿದ್ದಾರೆ, ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲ.

"ಎಷ್ಟು ನಿಮಿಷ ಸರ್?"

"ನಾಲ್ಕು ಇರಬಹುದು."

"ಹತ್ತಕ್ಕಿಂತ ಕಡಿಮೆ ಇದ್ರೆ ಸೇರಿಸ್ಲಿಕ್ಕೆ ಬರಲ್ಲ ಸರ್."

ಇವರ ಮುಖ ನೋಡಬೇಕಿತ್ತು. ಇನ್ನು ಆರು ನಿಮಿಷ ಅಟ್ಟಿಸಿಕೊಂಡು ಬರಲು ಆನೆಗೇನು ದಾಡಿ ಎನ್ನುವ ಹಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಈ ಹತ್ತು ನಿಮಿಷದ ಷರತ್ತನ್ನು 2020ರಲ್ಲೇ ಕೈಬಿಟ್ಟಿದೆ, ಎಷ್ಟೇ ಹೊತ್ತು ಮೈ ಆಡಿಸಿದರೂ ಲೆಕ್ಕಕ್ಕೆ ಬರುತ್ತದೆ ಎಂದಿದೆ. ಆ ಸುದ್ದಿ ಇನ್ನೂ ಎಂಬತ್ತಾರು ಮೆಟ್ಟಿಲು ಇಳಿದು ಬಂದಿರಲಿಲ್ಲ.

ಆಮೇಲೆ ಅತ್ತೆ. ವಯಸ್ಸು ಅರವತ್ತೇಳು.

"ಅಜ್ಜಿ, ಭಾರೀ ಶ್ರಮದ ಕೆಲಸ ಏನಾದ್ರೂ ಮಾಡಿದ್ರಾ? ಭಾರ ಎತ್ತೋದು, ಅಗೆಯೋದು, ಏರೋಬಿಕ್ಸ್, ಜೋರಾಗಿ ಸೈಕಲ್ ತುಳಿಯೋದು..."

"ಸೈಕಲ್ ಇಲ್ಲ ಮಗಾ."

"ಭಾರ ಎತ್ತೋದು?"

"ಭಾರ ಏನಿಲ್ಲ. ಹುಲ್ಲಿನ ಹೊರೆ ಒಂದು, ಅಷ್ಟೇ."

"ಅಗೆಯೋದು?"

"ಅಯ್ಯೋ, ಇಲ್ಲ. ಮೋರಿ ಕಟ್ಟಿತ್ತು, ಮಣ್ಣು ಸ್ವಲ್ಪ ಎಳೆದು ಹಾಕಿದೆ. ಸುಮ್ಮನೆ."

ಈ 'ಸುಮ್ಮನೆ'ಯ ಬಗ್ಗೆ ಸ್ವಲ್ಪ ಹೇಳಬೇಕು. ಅತ್ತೆಯ ಪ್ರಕಾರ ಕೆಲಸ ಅಂದರೆ ತೋಟದ ಲೆಕ್ಕ ಬರೆಯುವ ರೈಟರ್ ಹಾಜರಿ ಹಾಕುವಂಥದ್ದು. ಹಾಜರಿ ಇಲ್ಲದ್ದೆಲ್ಲ ಸುಮ್ಮನೆ. "ಗದ್ದೆ ಕಡೆ ಸುಮ್ಮನೆ ಹೋಗಿ ಬಂದೆ" ಅಂದರೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಗ್ಗಿ ಸಸಿ ಕಿತ್ತಿದ್ದಾರೆ ಎಂದರ್ಥ. ಮೊಣಕಾಲಿನ ಕೆಸರು ನೋಡಿ ನಾವು ತಿಳಿದುಕೊಳ್ಳಬೇಕು. ಜನವರಿಯಲ್ಲಿ "ಕಣದ ಹತ್ತಿರ ಸುಮ್ಮನೆ ನಿಂತಿದ್ದೆ" ಅಂದರೆ ಒಣಗಲು ಹರಡಿದ ಕಾಫಿ ಹಣ್ಣನ್ನು ಬಿಸಿಲು ಇಳಿಯುವವರೆಗೆ ಒಬ್ಬರೇ ಕೆದಕಿ ಮಗುಚಿ ಹಾಕಿದ್ದಾರೆ. ಮೆಣಸು ಕೊಯ್ಲಿನ ಸಮಯದಲ್ಲಿ ಒಮ್ಮೆ "ಏಣಿ ಸುಮ್ಮನೆ ಹಿಡಿದುಕೊಂಡಿದ್ದೆ" ಎಂದರು. ನಾವೂ ನಂಬಿದೆವು. ಹಿಡಿದುಕೊಂಡದ್ದು ಏಣಿಯ ಮೇಲಿನ ತುದಿ ಎಂದು ಪಕ್ಕದ ತೋಟದವರು ಹೇಳಿದ ಮೇಲೆ ಗೊತ್ತಾಯಿತು.

ಪಾಪ, ಹುಡುಗಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಶ್ರದ್ಧೆಯಿಂದ ಸೊನ್ನೆ ಒತ್ತಿ ಮುಂದಕ್ಕೆ ಹೋದಳು.

"ಸರಿ ಅಜ್ಜಿ, ಮಧ್ಯಮ ಶ್ರಮದ್ದು? ಹಗುರ ಹೊರೆ ಹೊರೋದು, ಡಬಲ್ಸ್ ಟೆನಿಸ್..."

ಅತ್ತೆ ಯೋಚಿಸಿದರು. "ಡಬಲ್ ಯಾವುದೂ ಇಲ್ಲ ಮಗಾ. ಎಲ್ಲಾ ಒಬ್ಬಳೇ."

ನನಗೆ ನಗು ತಡೆಯಲಾಗಲಿಲ್ಲ. ಮಕ್ಕಳು ಕೈಗೆ ಸಿಕ್ಕಿದ ಕೋಲನ್ನು ಹಾಕಿ ಸ್ಟಿಕ್ ಮಾಡಿಕೊಳ್ಳುವ ಊರಿದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮನೆಮನೆಯಿಂದ ಟೀಮು ಇಳಿಯುತ್ತದೆ. ಇಲ್ಲಿಗೆ ಬಂದು ಅಜ್ಜಿಯರ ಹತ್ತಿರ ಡಬಲ್ಸ್ ಟೆನಿಸ್ ಕೇಳುವುದೆಂದರೆ!

ಕೊನೆಯದು ಕೂರುವ ಪ್ರಶ್ನೆ. ದಿನಕ್ಕೆ ಎಷ್ಟು ಹೊತ್ತು ಕೂರುತ್ತೀರಿ?

ಅತ್ತೆ ಒಲೆಗೆ ಸೌದೆ ದೂಡಿದರು. "ಇವಳ ಮಾವ ಹೋದಾಗ ಹನ್ನೊಂದು ದಿನ ಕೂತಿದ್ದೆ. ಬಂದವರೆಲ್ಲ ಕೂತ್ಕೋ, ಕೂತ್ಕೋ ಅಂತಿದ್ರು. ಆಮೇಲೆ ಯಾರೂ ಹೇಳಲಿಲ್ಲ."

ಸ್ವಲ್ಪ ಹೊತ್ತು ಹೆಂಚಿನ ಮೇಲೆ ಬೀಳುವ ಮಳೆಯ ಸದ್ದೊಂದೇ. ಹುಡುಗಿ ಮೆಲ್ಲಗೆ 'ಗೊತ್ತಿಲ್ಲ' ಒತ್ತಿದಳು. ಆ ಉತ್ತರಕ್ಕೂ ಅದರಲ್ಲಿ ಜಾಗ ಇದೆಯಂತೆ.

ಫಲಿತಾಂಶ ಬಂತು. ಸುಮ್ಮನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿ ಒಂದು ಮೆಟ್. ನಡಿಗೆಗೆ 3.3, ಮಧ್ಯಮ ಶ್ರಮಕ್ಕೆ 4, ಭಾರೀ ಶ್ರಮಕ್ಕೆ 8. ಅದನ್ನು ನಿಮಿಷಕ್ಕೂ ದಿನಕ್ಕೂ ಗುಣಿಸಬೇಕು. ನನ್ನ ಮಾರ್ಚ್ ತಿಂಗಳ ನಡಿಗೆಗೆ 495 ಬಂತು. ಐದು ದಿನ, ದಿನಕ್ಕೆ ಅರ್ಧ ಗಂಟೆ ಇದ್ದರೆ 'ಮಧ್ಯಮ'. ಗಂಡ ಕಡಿಮೆ. ಅತ್ತೆಯೂ ಕಡಿಮೆ.

ನನಗೆ ಉರಿದುಹೋಯಿತು. ಅರ್ಧ ಸಿಟ್ಟು, ಅರ್ಧ ನಾಚಿಕೆ. "ಅಳಿಸಮ್ಮಾ ಅದನ್ನ, ನಾನು ಹೇಳ್ತೇನೆ" ಎಂದು ಕೂತೆ. ಬೆಳಗ್ಗೆ ಐದಕ್ಕೆ ಕೊಟ್ಟಿಗೆ. ಸಗಣಿ ಬಾಚಿ, ಹಾಲು ಕರೆದು, ಬಚ್ಚಲ ಒಲೆಗೆ ಸೌದೆ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹುಲ್ಲಿಗೆ. ಆಮೇಲೆ ಗದ್ದೆ. ಬರುವಾಗ ಕಣಿಲೆ, ಕೆಸುವಿನ ಸೊಪ್ಪು. ಅದನ್ನು ಹೆಚ್ಚುವುದೂ ನಿಂತುಕೊಂಡೇ, ಊಟವೂ ನಿಂತುಕೊಂಡೇ. ರಾತ್ರಿ ಒಂಬತ್ತೂವರೆಗೆ ಹಟ್ಟಿ ಬಾಗಿಲು ನೋಡಿ ಬಂದು ಮಲಗುವುದು. ಹುಡುಗಿ ತಾಳ್ಮೆಯಿಂದ ಕೂಡಿಸಿದಳು. 990 ನಿಮಿಷ.

"ಮೇಡಂ, ಇದು 960 ದಾಟಿತು. ಹದಿನಾರು ಗಂಟೆಗಿಂತ ಜಾಸ್ತಿ ಬಂದ್ರೆ ತಪ್ಪು ಲೆಕ್ಕ ಅಂತ ಆಮೇಲೆ ತೆಗೆದುಹಾಕ್ತಾರೆ. ಮನುಷ್ಯ ಎಂಟು ಗಂಟೆ ಮಲಗ್ಬೇಕಲ್ಲಾ?"

ಅಂದರೆ ಅತ್ತೆ ಬಾಯಿ ಬಿಟ್ಟರೆ ಕಡಿಮೆ, ನಾನು ಬಾಯಿ ಬಿಟ್ಟರೆ ಇಲ್ಲವೇ ಇಲ್ಲ. ಎರಡರಲ್ಲಿ ಕಡಿಮೆಯೇ ವಾಸಿ ಎಂದು ಅತ್ತೆಯೇ ತೀರ್ಪು ಕೊಟ್ಟರು.

ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಕೆದಕಿದೆ. ಈ ಪ್ರಶ್ನೆಪತ್ರಿಕೆಯ ಹೆಸರು ಐಪ್ಯಾಕ್. 1998ರಲ್ಲಿ ಜಿನೀವಾದಲ್ಲಿ ಶುರು ಮಾಡಿ, 12 ದೇಶಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಕೇಳಿ ಬರೆದ ಲೆಕ್ಕಕ್ಕೂ ಸೊಂಟಕ್ಕೆ ಯಂತ್ರ ಕಟ್ಟಿ ತೆಗೆದ ಲೆಕ್ಕಕ್ಕೂ ಅಷ್ಟಾಗಿ ತಾಳೆಯಾಗುವುದಿಲ್ಲ, ಜನ ಏರಿಸಿ ಹೇಳುವುದೇ ಹೆಚ್ಚು ಎಂದು ತಿಳಿದವರೇ ಬರೆದಿದ್ದಾರೆ. ನನ್ನನ್ನು ನೋಡಿಯೇ ಬರೆದ ಹಾಗಿತ್ತು.

ಹುಡುಗಿ ಹೊರಟಾಗ ಅತ್ತೆ ಅವಳಿಗೊಂದು ಚೀಲ ಬೆಣ್ಣೆಹಣ್ಣು ಕಟ್ಟಿದ್ದರು. ಆ ಚೀಲ, ಅವಳ ಬ್ಯಾಗು ಎರಡನ್ನೂ ಹೆಗಲಿಗೇರಿಸಿ ತಾವೇ ಮುಂದೆ ಮೆಟ್ಟಿಲು ಹತ್ತಿದರು. ಹುಡುಗಿ ಅರ್ಧದಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಮೇಲಿಂದ ಅತ್ತೆಯ ದನಿ: "ಇದು ಭಾರೀನಾ ಮಗಾ, ಮಧ್ಯಮನಾ?"

ಯಂತ್ರದ ಸಾಕ್ಷಿಯೇ ಸಿಗಲಿ ಎಂದು ಸೋಮವಾರ ಆಫೀಸಿಗೆ ಹೊರಡುವಾಗ ನನ್ನ ಹೆಜ್ಜೆ ಎಣಿಸುವ ವಾಚನ್ನು ಅತ್ತೆಯ ಕೈಗೆ ಕಟ್ಟಿ ಹೋದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎನ್ನುವ ಲೆಕ್ಕ ಹಬ್ಬಿಸಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆಯ ಯಂತ್ರ, ಅದರ ಹೆಸರೇ ಹಾಗಿತ್ತು. ನಮ್ಮ ಅತ್ತೆ ಅಷ್ಟನ್ನು ತಿಂಡಿಗೆ ಮೊದಲೇ ಮುಗಿಸುತ್ತಾರೆ ಎಂದು ಆಫೀಸಿನಲ್ಲಿ ಹೇಳಿಕೊಂಡೂ ಬಂದೆ.

ಸಂಜೆ ನೋಡಿದರೆ 212.

"ಕೆಸರು ತಾಗ್ತದೆ ಅಂತ ಬೆಳಗ್ಗೆಯೇ ಬಿಚ್ಚಿ ದೇವರ ಕೋಣೆಯಲ್ಲಿ ಇಟ್ಟೆ" ಎಂದರು ಅತ್ತೆ. "ಗಂಟೆಗೊಂದು ಸಲ ಒಳಗೆ ಗುಂಯ್ ಅಂತಿತ್ತು. ಏನದು?"

ತುಂಬಾ ಹೊತ್ತಿನಿಂದ ಕೂತಿದ್ದೀರಿ, ಎದ್ದು ಓಡಾಡಿ ಅಂತ ಅದರ ಅರ್ಥ ಎಂದೆ.

ಅತ್ತೆ ದೇವರ ಕೋಣೆಯ ಕಡೆ ನೋಡಿದರು. "ಅವರಿಗೆ ಯಾರು ಹೇಳ್ಬೇಕು, ಬಿಡು" ಎಂದು ಹಟ್ಟಿಗೆ ಹೋದರು.