ಮೌನಕ್ಕೆ ದಿನಕ್ಕೆ 20 ರೂಪಾಯಿ

ಎರಡು ಪುಟದ ರೆಸ್ಯೂಮೆ ಅಪ್‌ಲೋಡ್ ಮಾಡಿಸಿಕೊಂಡು, ಅದರಲ್ಲಿರುವುದನ್ನೇ ಮತ್ತೆ ಹತ್ತಾರು ಡಬ್ಬಿಗಳಲ್ಲಿ ಟೈಪ್ ಮಾಡಿಸುವ ಕಂಪನಿಗಳಿಗೆ, 'ಇಲ್ಲ' ಎಂಬ ಎರಡಕ್ಷರ ಟೈಪ್ ಮಾಡಲು ಮಾತ್ರ ಬೆರಳು ನೋವು. ಹತ್ತನೇ ಕ್ಲಾಸಿನ ಪರ್ಸೆಂಟೇಜ್ ಬೇಕು. ಡಿಗ್ರಿ ಮುಗಿಸಿ ಖಾಲಿ ಕೂತ ತಿಂಗಳುಗಳ ಲೆಕ್ಕ ಬೇಕು. ಈಗಿನ ಸಂಬಳ, ನಿರೀಕ್ಷೆಯ ಸಂಬಳ, ಎಲ್ಲ ಬೇಕು. ಕೊನೆಗೆ ಸಬ್ಮಿಟ್ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲ್: 'ಡಿಯರ್ ಕ್ಯಾಂಡಿಡೇಟ್ ನೇಮ್, ನಮ್ಮ ಸಂಸ್ಥೆಯಲ್ಲಿ ಆಸಕ್ತಿ ತೋರಿದ್ದಕ್ಕೆ ಧನ್ಯವಾದ.' ಅಭ್ಯರ್ಥಿಯ ಹೆಸರು ಇರಬೇಕಾದ ಕಡೆ ಹೆಸರೇ ಇಲ್ಲ. ಅಡಿಯಲ್ಲಿ ಸಣ್ಣಕ್ಷರ: ಈ ಮೇಲ್‌ಗೆ ಉತ್ತರಿಸಬೇಡಿ. ಆ ನಿಯಮವನ್ನು ಅವರೂ ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆ ಅನ್ನೋದು ಆಮೇಲೆ ಗೊತ್ತಾಗುತ್ತದೆ.

ಪೋರ್ಟಲ್‌ನಲ್ಲಿ ಅರ್ಜಿ 'ಅಂಡರ್ ರಿವ್ಯೂ' ಇರುತ್ತದೆ. ಬೇಸಿಗೆ ಹೋಗಿ ಮಳೆಗಾಲ ಬಂದರೂ ಅಂಡರ್ ರಿವ್ಯೂ. ಅಷ್ಟರಲ್ಲಿ ಅದೇ ಹುದ್ದೆಗೆ ಹೊಸ ಜಾಹೀರಾತು: ಅರ್ಜೆಂಟ್ ಹೈರಿಂಗ್, ಇಮ್ಮೀಡಿಯೆಟ್ ಜಾಯ್ನರ್‌ಗಳಿಗೆ ಮಾತ್ರ! ಇನ್ನು ಹುಡುಗನೊಬ್ಬ ಆಫರ್ ಲೆಟರ್ ಇಟ್ಟುಕೊಂಡು ಬೇರೆ ಕಡೆ ಸೇರಿಬಿಟ್ಟನೋ, ಇದೇ ಎಚ್‌ಆರ್‌ಗಳು ಲಿಂಕ್ಡ್‌ಇನ್‌ನಲ್ಲಿ ಕಣ್ಣೀರ ಕೋಡಿ ಹರಿಸುತ್ತಾರೆ. ಈ ತಲೆಮಾರಿಗೆ ಸೌಜನ್ಯವೇ ಇಲ್ಲವಂತೆ, ಒಂದು ಮೆಸೇಜ್ ಹಾಕೋಕೆ ಏನಾಗಿತ್ತಂತೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿರುತ್ತಿದ್ದರಲ್ಲ, ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವಕ್ಕೆ. ಅದು ಓದಿಕೊಂಡು ತೆಪ್ಪಗೆ ವಾಪಸ್ ಹೋಗುತ್ತಿತ್ತಂತೆ. ದೆವ್ವಕ್ಕೂ ನಮ್ಮ ಜನ ತೀರ್ಮಾನವನ್ನು ಲಿಖಿತವಾಗಿ, ಅದೂ ಕನ್ನಡದಲ್ಲಿ ತಿಳಿಸಿದ್ದರು. ಅದೇ ಊರಿನ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳ ಬಾಗಿಲು ತಟ್ಟಿದ ಬಿ.ಇ. ಪದವೀಧರನಿಗೆ ದೆವ್ವಕ್ಕಿದ್ದ ಮರ್ಯಾದೆಯೂ ಇಲ್ಲ.

ಸರ್ಕಾರಿ ಕೆಲಸಕ್ಕೆ ಓದುತ್ತಿರುವವರು ಇಷ್ಟು ಹೊತ್ತಿಗೆ ನಗುತ್ತಿರಬೇಕು: ಒಂದು ಬೇಸಿಗೆ ಕಾದಿದ್ದಕ್ಕೇ ಹೀಗಾ? ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) 2011ರಲ್ಲಿ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಅಕ್ರಮದ ಆರೋಪದ ಮೇಲೆ 2014ರಲ್ಲಿ ಸರ್ಕಾರ ಆಯ್ಕೆಯನ್ನೇ ರದ್ದು ಮಾಡಿತು. ಆಮೇಲೆ ಕೋರ್ಟು, ಕಚೇರಿ. ಕೊನೆಗೆ 2022ರಲ್ಲಿ ವಿಧಾನಮಂಡಲ ಕಾಯ್ದೆಯನ್ನೇ ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿತು. ಒಂದು ಅರ್ಜಿಗೆ ಉತ್ತರ ಬರೆಯಲು ಎರಡೂ ಸದನ ಸೇರಬೇಕಾಯಿತು ನೋಡಿ.

ಹೊರಗೂ ಇದೇ ಕಥೆ. ಕೆನಡಾದ ಒಂಟಾರಿಯೊದಲ್ಲಿ 25ಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಗಳು, ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶನ ಮಾಡಿದ ಮೇಲೆ 45 ದಿನದೊಳಗೆ ತೀರ್ಮಾನ ಆಯಿತೋ ಇಲ್ಲವೋ ತಿಳಿಸಲೇಬೇಕೆಂಬ ಕಾನೂನು 2026ರ ಜನವರಿ 1ಕ್ಕೆ ಜಾರಿಗೆ ಬಂತು. ಹುದ್ದೆ ನಿಜಕ್ಕೂ ಖಾಲಿ ಇದೆಯೇ ಅನ್ನೋದನ್ನೂ ಜಾಹೀರಾತಿನಲ್ಲೇ ಹೇಳಬೇಕು. ಇಲ್ಲದ ಹುದ್ದೆಗೆ ಅರ್ಜಿ ಕರೆಯುವ ಕಲೆ ನಮ್ಮ ಸೊತ್ತು ಅಂದುಕೊಂಡಿದ್ದೆ.

ಅಷ್ಟು ದೂರ ಯಾಕೆ, ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕೆನ್ನುವ ಸಕಾಲ ನಮ್ಮಲ್ಲೇ ಇದೆ. ಅದೂ 2011ರದೇ ಕಾಯ್ದೆ. ಜಾತಿ ಪ್ರಮಾಣಪತ್ರ ಗಡುವಿನೊಳಗೆ ಕೈಗೆ ಬರದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ತಡ ಮಾಡಿದ ಅಧಿಕಾರಿಯ ಸಂಬಳದಿಂದಲೇ ವಸೂಲಿ. (ಇದನ್ನು ಕೇಳಿ ಪಡೆದವರು ಯಾರಾದರೂ ಇದ್ದರೆ ಸನ್ಮಾನ ಮಾಡೋಣ.) ಎಚ್‌ಆರ್‌ಗಳನ್ನೂ ಇದರೊಳಗೆ ತಂದುಬಿಡಿ ಸ್ವಾಮಿ. 25 ದಿನ ಬಾಯಿ ಬಿಡದಿದ್ದರೆ ಒಂದು ಅರ್ಜಿಗೆ 500. ತಿಂಗಳಿಗೆ ನೂರು ಅರ್ಜಿ ಗುಜರಾಯಿಸಿದರೆ 50,000. ಫ್ರೆಶರ್‌ಗೆ ಕೆಲಸ ಸಿಕ್ಕರೂ ಇಷ್ಟು ಕೊಡುವವರು ಅಪರೂಪ. ಕ್ಯಾಬ್‌ ಕಾಯೋ ಗೋಳಿಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ ಇಲ್ಲ, ಅಪ್ರೈಸಲ್ ಇಲ್ಲ.

ಮುಂದಿನ ಮಾತುಕತೆ ಮಂಡ್ಯದ ಯಾವುದೋ ಮನೆಯ ಜಗಲಿಯಲ್ಲಿ ನಡೆಯುತ್ತದೆ.

'ಹುಡುಗನಿಗೆ ಕೆಲಸ ಏನು?'

'ಅರ್ಜಿ ಹಾಕ್ತಾನೆ. ತಿಂಗಳಿಗೆ ಐವತ್ತು ಸಾವಿರ.'

'ಪರ್ಮನೆಂಟಾ?'

'ಕಂಪನಿಯವರು ಉತ್ತರ ಕೊಡೋವರೆಗೂ ಪರ್ಮನೆಂಟೇ.'

'ಹಾಗಾದ್ರೆ ಚಿಂತೆಯಿಲ್ಲ ಬಿಡಿ, ಛತ್ರ ನೋಡೋಣ.'