ಆ ಗಡಿಯಾರ ಬೊಂಬೆಯಾಟ ಅಲ್ಲ ಮಾರಾಯ್ರೇ!

"ಇಷ್ಟೇನಾ?"

ಚೆಕ್ ದೇಶದ ರಾಜಧಾನಿ ಪ್ರಾಗ್‌ನ ಹಳೇ ಪಟ್ಟಣದ ಚೌಕದಲ್ಲಿ ಇವತ್ತು ಈ ಮಾತು ಅಚ್ಚಕನ್ನಡದಲ್ಲೇ ಕಿವಿಗೆ ಬಿತ್ತು. ನಮ್ಮ ಕಡೆಯ ಟೂರ್ ಗುಂಪು. ಖಗೋಳ ಗಡಿಯಾರದ ಮುಂದೆ ಎಲ್ಲರ ಫೋನೂ ಮೇಲಕ್ಕೆ. ಗಂಟೆಯಾಯಿತು. ಅಸ್ಥಿಪಂಜರದ ಬೊಂಬೆ ಗಂಟೆ ಎಳೆಯಿತು, ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರ (ಅಪೋಸ್ತಲರ) ಬೊಂಬೆಗಳು ಮೆರವಣಿಗೆ ಹೋದವು, ಚಿನ್ನದ ಬಣ್ಣದ ಹುಂಜ ಕೂಗಿತು. ಮುಗೀತು. ಗುಂಪು ಸುರುಳಿ ಸುತ್ತಿದ ಸಿಹಿ ಬ್ರೆಡ್ಡಿನ ಅಂಗಡಿ ಕಡೆ ನುಗ್ಗಿತು.

ಗೈಡ್ ಹೇಳಿದ್ದೇನು? ಹಾನುಷ್ ಅನ್ನೋನು ಇದನ್ನು ಮಾಡಿದ, ಇಂಥದ್ದು ಇನ್ನೆಲ್ಲೂ ಮಾಡಬಾರದು ಅಂತ ಅವನ ಕಣ್ಣು ಕೀಳಿಸಿದರು, ಅಂತ. ಸುಳ್ಳು ಕಥೆ. 1410ರಲ್ಲಿ ಇದನ್ನು ಮಾಡಿದವನು ಕಡಾನ್ ಊರಿನ ಮಿಕುಲಾಶ್. ಅವನ ಕಣ್ಣಿಗೇನೂ ಆಗಿರಲಿಲ್ಲ. ಆ ಬೊಂಬೆಗಳೂ ಅಷ್ಟು ಹಳೆಯವಲ್ಲ. 1945ರ ಮೇ ತಿಂಗಳಲ್ಲಿ ನಾಜಿಗಳ ವಿರುದ್ಧ ನಡೆದ ಹೋರಾಟದಲ್ಲಿ, ಈ ಗಡಿಯಾರವಿರುವ ಪುರಭವನಕ್ಕೆ ಬೆಂಕಿ ಬಿದ್ದು ಹಿಂದಿನವು ಸುಟ್ಟುಹೋದವು. ಈಗಿರುವವು ಆಮೇಲೆ ಕೆತ್ತಿದವು. ಅಂದರೆ ಇವರೆಲ್ಲ ಹೊಸದನ್ನು ವೀಡಿಯೋ ಮಾಡಿಕೊಂಡು ಆರುನೂರು ವರ್ಷದ ಹಳೆಯದನ್ನು ಅಲ್ಲೇ ಬಿಟ್ಟು ಹೋದರು!

ನನ್ನ ಪಂಚಾಂಗದ ಹುಚ್ಚು ನಿಮಗೆ ಗೊತ್ತೇ ಇದೆ. ಆ ಡಯಲ್ ನೋಡಿ ಸ್ವಾಮಿ. ನಡುವೆ ಭೂಮಿ. ಸುತ್ತ ಸೂರ್ಯ, ಚಂದ್ರ. ಚಂದ್ರನ ಗುಂಡು ಅರ್ಧ ಬೆಳ್ಳಿ, ಅರ್ಧ ಕಪ್ಪು. ಅದು ತಿರುಗಿದ ಹಾಗೆ ಹುಣ್ಣಿಮೆ, ಅಮಾವಾಸ್ಯೆ ಕಾಣುತ್ತದೆ. ಹೊರಗಿನ ಉಂಗುರದಲ್ಲಿ ಹಳೇ ಬೊಹೀಮಿಯಾದ, ಅಂದರೆ ಈ ಪ್ರಾಂತ್ಯದ, ಸಮಯ. ನಾವು ಸೂರ್ಯೋದಯದಿಂದ ಘಳಿಗೆ ಎಣಿಸಿದರೆ, ಇವರು ಸೂರ್ಯಾಸ್ತದಿಂದ ಗಂಟೆ ಎಣಿಸುತ್ತಿದ್ದರು. ಸೂರ್ಯಾಸ್ತದ ಹೊತ್ತು ಬದಲಾಗುತ್ತಾ ಹೋಗುತ್ತದಲ್ಲ, ಅದಕ್ಕೇ ಆ ಉಂಗುರ ವರ್ಷವಿಡೀ ಹಿಂದೆ ಮುಂದೆ ಸರಿಯುತ್ತಲೇ ಇರುತ್ತದೆ. ರಾಶಿಚಕ್ರವೂ ಇದೆ, ಮೇಷದಿಂದ ಮೀನದವರೆಗೆ. ನಮ್ಮ ಮಕರ ಸಂಕ್ರಾಂತಿ ಜನವರಿ 14ರ ಆಸುಪಾಸು. ಇಲ್ಲಿ ಡಿಸೆಂಬರ್ 21-22ಕ್ಕೇ ಸೂರ್ಯ ಮಕರಕ್ಕೆ ಕಾಲಿಡುತ್ತಾನೆ. ಇವರದ್ದು ಸಾಯನ, ಅಂದರೆ ಋತುವಿಗೆ ಹೊಂದಿಸಿದ ಲೆಕ್ಕ. ನಮ್ಮದು ನಿರಯಣ, ನಕ್ಷತ್ರಗಳಿಗೆ ಹೊಂದಿಸಿದ್ದು. ಮನೆಯಲ್ಲಿ ರಾಹುಕಾಲ ನೋಡದೆ ಹೊಸಿಲು ದಾಟದ ಜನ ಇದರ ಮುಂದೆ ನಿಂತು "ಇಷ್ಟೇನಾ" ಅನ್ನಬಹುದಾ?

ರಜೆಗೆ ಬಂದವರಿಗೆ ಇದೆಲ್ಲ ಯಾಕೆ, ಲಕ್ಷಗಟ್ಟಲೆ ಕೊಟ್ಟು ಬಂದಿರುತ್ತಾರೆ, ಸಂಜೆಗೆ ವಿಯೆನ್ನಾ ಬಸ್ ಹಿಡಿಯಬೇಕು ಅಂತೀರಾ? ಸರಿ ಬಿಡಿ. ಅದೇ ಜನಕ್ಕೆ ಫ್ರಿಜ್ ಮ್ಯಾಗ್ನೆಟ್ ಆರಿಸೋಕೆ ಮುಕ್ಕಾಲು ಗಂಟೆ ಇತ್ತು. ನಾನೇ ನೋಡಿದೆ. (ನನ್ನ ಜೊತೆ ಊರು ಸುತ್ತೋಕೆ ಮನೆಯವರು ಯಾಕೆ ಒಪ್ಪಲ್ಲ ಅಂತ ಈಗ ಗೊತ್ತಾಯ್ತಲ್ವಾ?)

ಇದೇ ಊರಿನ ಹಳೇ ಚಾರ್ಲ್ಸ್ ಸೇತುವೆಯಲ್ಲೂ ಇದೇ ಕಥೆ. ಅಲ್ಲಿರುವ ಮೂರ್ತಿಗಳಲ್ಲಿ ಹೆಚ್ಚಿನವು ನಕಲು. ಕೆಲವು ಅಸಲಿ ಮೂರ್ತಿಗಳು ವಿಶೆಹ್ರಾಡ್ ಕೋಟೆಯ ಒಳಗಿವೆ. ಮೆಟ್ರೋದಲ್ಲಿ ಸಲೀಸಾಗಿ ಹೋಗಬಹುದು. ಆದರೆ ಪ್ಯಾಕೇಜ್‌ನಲ್ಲಿ ಇಲ್ವಲ್ಲ, ಹಾಗಾಗಿ ಆ ಕೋಟೆಯೇ ಇಲ್ಲ!

ನೀವು ಯಾರಾದರೂ ಹೋದರೆ ಗಂಟೆ ಹೊಡೆದು ಹತ್ತು ನಿಮಿಷ ಆದಮೇಲೆ ಗಡಿಯಾರದ ಮುಂದೆ ನಿಲ್ಲಿ. ನೂಕುನುಗ್ಗಲು ಕಡಿಮೆ ಇರುತ್ತದೆ. ಮೊದಲು ಚಂದ್ರನನ್ನು ಹುಡುಕಿ, ಆಮೇಲೆ ಸೂರ್ಯ ಯಾವ ರಾಶಿಯಲ್ಲಿದ್ದಾನೆ ನೋಡಿ. ಬ್ರೆಡ್ ಅಂಗಡಿ ರಾತ್ರಿವರೆಗೂ ತೆರೆದೇ ಇರುತ್ತದೆ.