ಪಕ್ಕದೂರಿನ ತಿಂಡಿ

ಮಗಳ ಮನೆ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಹೋದ ಫೆಬ್ರವರಿಯಲ್ಲಿ ಅಲ್ಲಿಗೆ ಹೋಗಿದ್ದೆ. ಮೊದಲ ಬೆಳಿಗ್ಗೆಯೇ ಬೀದಿ ತುದಿಯ ಬೇಕರಿಗೆ ನುಗ್ಗಿ, ಗಾಜಿನ ಹಿಂದೆ ಹೊಳೆಯುತ್ತಿದ್ದ ಪದರು ಪದರಿನ ತಿಂಡಿಯತ್ತ ಬೆರಳು ತೋರಿಸಿ, ಗತ್ತಿನಿಂದ ಅದರ ಇಂಗ್ಲಿಷ್ ಹೆಸರು ಹೇಳಿ ‘ಡ್ಯಾನಿಶ್’ ಎಂದೆ. ಕೌಂಟರಿನ ಹುಡುಗಿ ನಕ್ಕಳು. ಅಲ್ಲಿದ್ದದ್ದೆಲ್ಲ ಡ್ಯಾನಿಶ್ಶೇ, ಅವಳೂ ಸೇರಿ.

ಆ ತಿಂಡಿಗೆ ಡೆನ್ಮಾರ್ಕಿನಲ್ಲಿ ‘ವೀನರ್‌ಬ್ರೋಡ್’ ಅನ್ನುತ್ತಾರೆ. ವಿಯೆನ್ನಾದ ಬ್ರೆಡ್ಡು ಅಂತ ಅರ್ಥ. ಸರಿ, ವಿಯೆನ್ನಾದವರದ್ದೇ ಅಂತ ಇಟ್ಟುಕೊಳ್ಳೋಣ. ಅಲ್ಲಿಗೆ ಹೋಗಿ ಕೇಳಿದರೆ ಅವರು ‘ಕೋಪನ್‌ಹಾಗನರ್ ಪ್ಲುಂಡರ್’ ಅನ್ನುತ್ತಾರೆ. ಅದು ಕೋಪನ್‌ಹೇಗನ್ನಿನದು, ನಮ್ಮದಲ್ಲ! ಜರ್ಮನ್ ಭಾಷೆಯಲ್ಲಿ ಪ್ಲುಂಡರ್ ಅಂದರೆ ಹಳೇ ಸಾಮಾನು, ಗುಜರಿ ಅನ್ನುವ ಅರ್ಥವೂ ಇದೆಯಂತೆ. ಅಷ್ಟು ಬೆಣ್ಣೆ ಕುಡಿದು ಕೊನೆಗೆ ಗುಜರಿ ಅನ್ನಿಸಿಕೊಳ್ಳುವುದು ಎಂಥ ಹಣೆಬರಹ.

ನಮ್ಮ ಸೀಮೆ ಬದನೆಕಾಯಿಯ ಪಾಡೂ ಇದೇ ಅಲ್ವಾ? ತಮಿಳುನಾಡಿನಲ್ಲಿ ಅದು ‘ಬೆಂಗಳೂರು ಕತ್ತರಿಕ್ಕಾಯ್’. ಬೆಂಗಳೂರಿಗೆ ಬಂದರೆ ‘ಸೀಮೆ’ ಬದನೆ, ಅಂದರೆ ಪರದೇಶದ್ದು. ಪಾಪ, ಅದರ ಮೂಲ ಮೆಕ್ಸಿಕೋ ಕಡೆಯದು. ಬದನೆಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ, ಸೌತೆ ಕುಂಬಳಗಳ ಬಳಗ ಅದು.

ವೀನರ್‌ಬ್ರೋಡಿನ ಹುಟ್ಟಿಗೆ ಒಂದು ಜಗಳದ ಕಥೆ ಇದೆ. 1850ರಲ್ಲಿ ಡೆನ್ಮಾರ್ಕಿನ ಬೇಕರಿ ಕೆಲಸಗಾರರು ಮುಷ್ಕರ ಹೂಡಿದರು. ಮಾಲೀಕರು ಹೊರಗಿನಿಂದ ಜನ ಕರೆಸಿದರು. ಬಂದವರಲ್ಲಿ ಆಸ್ಟ್ರಿಯಾದವರೂ ಇದ್ದರು. ಅವರಿಗೆ ಇಲ್ಲಿನ ಅಡುಗೆ ತಿಳಿಯದು, ತಮ್ಮೂರಿನಂತೆ ಹಿಟ್ಟಿನ ನಡುವೆ ಬೆಣ್ಣೆ ಇಟ್ಟು ಮಡಚಿ ಲಟ್ಟಿಸಿದರು. ಜನಕ್ಕೆ ರುಚಿ ಹತ್ತಿತು. ಮುಷ್ಕರ ಮುಗಿಸಿ ಬಂದ ಡೇನರು ನೋಡುತ್ತಾರೆ, ಗಿರಾಕಿಗಳು ಕೇಳುತ್ತಿರುವುದು ವಿಯೆನ್ನಾ ಬ್ರೆಡ್ಡನ್ನು. ಕಲಿಯದೆ ವಿಧಿಯಿಲ್ಲ. ಕಲಿತರು, ಮೊಟ್ಟೆ ಬೆಣ್ಣೆ ಜಾಸ್ತಿ ಮಾಡಿದರು, ತಮಗೆ ಬೇಕಾದ ಹೂರಣ ತುಂಬಿದರು. ಹೆಸರು ಮಾತ್ರ ಬದಲಿಸಲಿಲ್ಲ. ತಮ್ಮ ಕೆಲಸಕ್ಕೆ ಕುತ್ತು ತಂದವರ ಊರನ್ನು ದಿನಾ ಬೆಳಿಗ್ಗೆ ಕೂಗಿ ಮಾರುವುದಕ್ಕೆ ದೊಡ್ಡ ಮನಸ್ಸು ಬೇಕು. ಅಥವಾ ಒಳ್ಳೆಯ ವ್ಯಾಪಾರ ಬುದ್ಧಿ.

ಮಗಳ ಮನೆಯಲ್ಲೇ ಮಾಡಿ ನೋಡೋಣ ಅನ್ನಿಸಿತು. ವಿಧಾನ ಓದಿದ ಮೇಲಂತೂ ಧೈರ್ಯ ಬಂತು. ಇದು ನಮ್ಮ ಚಿರೋಟಿಯೇ! ಹಾಳೆಯ ಮೇಲೆ ಹಾಳೆ, ನಡುವೆ ಜಿಡ್ಡು. ನಾವು ತುಪ್ಪಕ್ಕೆ ಅಕ್ಕಿಹಿಟ್ಟು ಕಲಸಿ ಸಾಟಿ ಸವರುತ್ತೇವೆ, ಇವರು ಇಡೀ ಬೆಣ್ಣೆಯ ಹಲಗೆಯನ್ನೇ ಕಣಕದೊಳಗೆ ಇಟ್ಟು ಲಕೋಟೆಯಂತೆ ಮುಚ್ಚುತ್ತಾರೆ. ನಾವು ಕರಿಯುತ್ತೇವೆ, ಇವರು ಒಲೆಯೊಳಗೆ ಬೇಯಿಸುತ್ತಾರೆ. ಕಣಕಕ್ಕೆ ಮೈದಾ, ಹಾಲು, ಮೊಟ್ಟೆ, ಯೀಸ್ಟ್ ಜೊತೆಗೆ ಏಲಕ್ಕಿ! ಉತ್ತರದ ಆ ಹಿಮದ ನಾಡುಗಳಲ್ಲಿ ಸಿಹಿ ಬ್ರೆಡ್ಡಿಗೆ ಏಲಕ್ಕಿ ಹಾಕುವುದು ಹಳೆಯ ರೂಢಿ. ಈಗ ಜಗತ್ತಿನ ಮಾರುಕಟ್ಟೆಗೆ ಬರುವ ಏಲಕ್ಕಿಯಲ್ಲಿ ದೊಡ್ಡ ಪಾಲು ಗ್ವಾಟೆಮಾಲಾದ್ದು. ನಾನು ಸಕಲೇಶಪುರದ್ದನ್ನೇ ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ. ಕುಟ್ಟಿದಾಗ ಅಡುಗೆಮನೆಗೆ ಮನೆಯ ವಾಸನೆ ಬಂತು.

ಲಟ್ಟಿಸು, ಮೂರಾಗಿ ಮಡಚು, ಅರ್ಧ ಗಂಟೆ ತಣ್ಣಗೆ ಮಲಗಿಸು. ಹೀಗೆ ಮೂರು ಸಲ. ಮೂರು ಮೂರ್ಲ ಒಂಬತ್ತು, ಮೂರು ಒಂಬತ್ಲ ಇಪ್ಪತ್ತೇಳು. ಬೆಣ್ಣೆಯ 27 ಪದರ, ನಕ್ಷತ್ರಗಳೂ ಅಷ್ಟೇ. ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ, ಬಾಲ್ಕನಿಯಲ್ಲಿ ಇಟ್ಟೆ. ಫೆಬ್ರವರಿಯ ಕೋಪನ್‌ಹೇಗನ್ನಿಗಿಂತ ಒಳ್ಳೆಯ ಫ್ರಿಜ್ಜು ಯಾವ ಅಂಗಡಿಯಲ್ಲೂ ಸಿಗದು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಕಾರ ಕೊಟ್ಟು ಉಬ್ಬಲು ಇಡುವ ಹೊತ್ತಿಗೆ ನನ್ನೊಳಗಿನ ಇಡ್ಲಿ ಹಿಟ್ಟಿನ ಬುದ್ಧಿ ಎಚ್ಚರವಾಯಿತು. ಚಳಿಯಲ್ಲಿ ಹಿಟ್ಟು ಹುದುಗುತ್ತದೆಯೇ? ಎಲ್ಲಿ ಬೆಚ್ಚಗಿದೆಯೋ ಅಲ್ಲಿಡಬೇಕು, ಕಂಬಳಿ ಹೊದಿಸಬೇಕು. ತಟ್ಟೆಯನ್ನು ಹೀಟರ್ ಮೇಲೆ ಇಟ್ಟು, ಒಂದು ಟವೆಲ್ಲನ್ನೂ ಹೊದಿಸಿ, ಸುಮ್ನೆ ಪಕ್ಕದಲ್ಲಿ ಕೂತೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ 27 ನಕ್ಷತ್ರಗಳೂ ಕರಗಿ ತಟ್ಟೆಯಲ್ಲಿ ಬೆಣ್ಣೆಯ ಕೆರೆಯಾಗಿತ್ತು.

ಆಮೇಲೆ ಮಗಳು ವಿವರಿಸಿದಳು. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರು ಪಾಲಿನಷ್ಟು ನೀರಿರುತ್ತದೆ. ಬಿಸಿ ಒಲೆಗೆ ಹೋದಾಗ ಆ ನೀರು ಹಬೆಯಾಗಿ ಪದರಗಳನ್ನು ಮೇಲಕ್ಕೆ ಎತ್ತುತ್ತದೆ. ಅದಕ್ಕೆ ಒಲೆ ಸೇರುವ ತನಕ ಬೆಣ್ಣೆ ಗಟ್ಟಿಯಾಗಿ ತನ್ನ ಜಾಗದಲ್ಲೇ ಇರಬೇಕು. ಮೊದಲೇ ಕರಗಿದರೆ ಹಿಟ್ಟು ಅದನ್ನು ಕುಡಿದು ಬರೀ ಬನ್ನಾಗುತ್ತದೆ. ‘ಗೊತ್ತಿದ್ದರೆ ಮೊದಲೇ ಹೇಳಬಾರದಿತ್ತಾ’ ಅಂದೆ. ‘ನೀನು ಯಾವತ್ತು ಕೇಳಿದ್ದೀಯಾ’ ಅಂದಳು. ಆ ಬನ್ನುಗಳನ್ನು ಎರಡು ದಿನ ಕಾಫಿಗೆ ಅದ್ದಿ ತಿಂದು ಮುಗಿಸಿದೆವು. ಕೆಟ್ಟದಾಗಿರಲಿಲ್ಲ.

ಎರಡನೇ ಸಲ ಹೀಟರಿನ ಗೊಡವೆಗೆ ಹೋಗಲಿಲ್ಲ. ಹೂರಣಕ್ಕೆ ರೆಮೋನ್ಸ್ ಮಾಡಿದೆ. ಬೆಣ್ಣೆ, ಸಕ್ಕರೆ, ಬಾದಾಮಿ ಮುದ್ದೆ ಮೂರನ್ನೂ ಸಮಸಮ ಕಲಸಿದರೆ ಆಯಿತು. ವಿಯೆನ್ನಾದ ಮಡಿಕೆಗೆ ಡೇನರು ಸೇರಿಸಿದ ಸುಖ ಇದು. ಹೆಸರಲ್ಲಿ ವಿಯೆನ್ನಾ ಇದ್ದರೂ ಬಾಯಿಗೆ ಸಿಗುವುದು ಡೆನ್ಮಾರ್ಕೇ ಅಂತ ನನ್ನ ತೀರ್ಪು. ಚೌಕಗಳಾಗಿ ಕತ್ತರಿಸಿ, ನಡುವೆ ರೆಮೋನ್ಸ್ ಇಟ್ಟು, ನಾಲ್ಕು ಮೂಲೆಗಳನ್ನು ಮಧ್ಯಕ್ಕೆ ಮಡಚಿ, ಮೇಲೊಂದು ಚಮಚ ಹಳದಿ ಕಸ್ಟರ್ಡ್ ಹಾಕಿದೆ. ಇದಕ್ಕೆ ಸ್ಪಾಂಡಾವರ್ ಅನ್ನುತ್ತಾರೆ. ಬರ್ಲಿನ್ನಿನ ಸ್ಪಾಂಡಾವ್ ಕೋಟೆಯ ಹೆಸರಂತೆ. ನೋಡಿ, ಮತ್ತೆ ಬೇರೆ ಊರು! ಒಲೆಯೊಳಗೆ ಹದಿನೈದು ನಿಮಿಷ. ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪದರು ಏಳುವುದನ್ನು ನೋಡಿದೆ. ಮೊಮ್ಮಕ್ಕಳ ಶಾಲೆಯ ನಾಟಕಕ್ಕೂ ಇಷ್ಟು ಗಮನ ಕೊಟ್ಟಿರಲಿಲ್ಲ.

ಪಕ್ಕದ ಮನೆಯ ಡ್ಯಾನಿಶ್ ಅಜ್ಜಿಯನ್ನು ಕಾಫಿಗೆ ಕರೆದೆವು. ತಟ್ಟೆ ನೋಡಿ ಆಕೆ ಏನೋ ಹೇಳಿ ಜೋರಾಗಿ ನಕ್ಕರು. ಮಗಳು ಕನ್ನಡಕ್ಕೆ ಇಳಿಸಿದಳು. ಈ ಹಳದಿ ಬೊಟ್ಟಿನ ತಿಂಡಿಗೆ ಇಲ್ಲಿ ತಮಾಷೆಯ ಹೆಸರೊಂದಿದೆಯಂತೆ, ‘ಬೇಕರಿಯವನ ಕೆಟ್ಟುಹೋದ ಕಣ್ಣು’. ಗೀಜು ತುಂಬಿದ ಕಣ್ಣು ಅಂತ. ತಿನ್ನುವ ವಸ್ತುವಿಗೆ ಇಂಥ ಹೆಸರಿಡುವ ಜನರ ಮೇಲೆ ನನಗೆ ತಕ್ಷಣ ಪ್ರೀತಿ ಹುಟ್ಟಿತು.

‘ನಮ್ಮೂರಲ್ಲಿ ಕಣ್ಣು ಹಾಗಾದರೆ ಮದ್ರಾಸ್ ಐ ಅನ್ನುತ್ತೇವೆ’ ಅಂತ ಹೇಳಿಸಿದೆ. ಮದ್ರಾಸು ಅಂದರೇನು ಅಂದರು. ಪಕ್ಕದ ರಾಜ್ಯದ ಊರು ಅಂದೆ.

ಆಕೆಗೆ ಕೂಡಲೇ ವಿಷಯ ಹೊಳೆಯಿತು. ‘ಹಾಗಾದರೆ ಆ ಊರಿನವರು ಏನನ್ನುತ್ತಾರೆ? ಬೆಂಗಳೂರ್ ಐ ಅಂತಲಾ?’

‘ಇಲ್ಲ, ಅವರೂ ಮದ್ರಾಸ್ ಐ ಅಂತಲೇ ಅನ್ನುತ್ತಾರೆ’ ಅಂದೆ.

‘ಒಳ್ಳೆಯ ಜನ’ ಅಂದ ಅಜ್ಜಿ ಎರಡನೇ ಕಣ್ಣಿಗೆ ಕೈ ಹಾಕಿದರು.